ಕದರಮ್ಮನ ಮುಖ ದುಂಡಗಾದದ್ದು

ಹೊಳವನಹಳ್ಳಿ ಬಸ್‌ಸ್ಟಾಪಿನ ಎದುರು ಔಷಧಿ ಅಂಗಡಿ ಇಟ್ಟಿರುವ ವೀರಭದ್ರಯ್ಯ ಓದಿದ್ದು ಫಾರ್ಮಸಿ ಡಿಪ್ಲೊಮಾ. ಡಾಕ್ಟರ್ ಪದವಿಯನ್ನು ಊರೇ ಕೊಟ್ಟು ಹದಿನೆಂಟು ವರ್ಷವಾಯಿತು. ವಿಶ್ವವಿದ್ಯಾಲಯ ಕೊಟ್ಟಿದ್ದರೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದಿತ್ತು. ಊರು ಕೊಟ್ಟದ್ದನ್ನು ಮುಖದ ಮೇಲೆಯೇ ಹೊತ್ತುಕೊಂಡಿರಬೇಕು. ಹಾಗಾಗಿ ಅವರು ನಗುವುದು ಕಡಿಮೆ. ಯಾರಾದರೂ ನೋವು ಎಂದರೆ ಕನ್ನಡಕ ಹಣೆಗೇರಿಸಿ, "ಎಷ್ಟು ದಿನದಿಂದ?" ಎನ್ನುವರು. ಉತ್ತರ ಏನೇ ಇರಲಿ, ಕೊಡುವುದು ಮಾತ್ರ 'ಸೆಟ್ಟು'.

ಸೆಟ್ಟು ಎಂದರೆ ಮೂರು ಗುಳಿಗೆ. ನೋವಿಗೊಂದು, ಹೊಟ್ಟೆಯುರಿಗೊಂದು, ಮತ್ತೆ ಒಂದು ಪುಟ್ಟ ಬಿಳಿಯದು. ಆ ಬಿಳಿಯದು ಸ್ಟೀರಾಯ್ಡ್. ಮೂರನ್ನೂ ಹೆಸರು ಅಚ್ಚಾಗಿರುವ ಮಾತ್ರೆಹಾಳೆಯಿಂದ ಬಿಡಿಸಿ, ಕಾಗದದಲ್ಲಿ ಮಡಿಸಿ ಕೊಡುವುದು ಪದ್ಧತಿ. ಹೆಸರು ಗೊತ್ತಾದರೆ ಗಿರಾಕಿ ಪಕ್ಕದ ಪೇಟೆ ಕೊರಟಗೆರೆಯಲ್ಲೇ ಕೊಂಡುಬಿಟ್ಟಾನು!

ಕನಕಾಂಬರ ಬಿಡಿಸುವ ಕೂಲಿಯ ಕದರಮ್ಮನಿಗೆ ಕುಕ್ಕುರುಗಾಲಲ್ಲಿ ಕೂತೂ ಕೂತೂ ಮಂಡಿ ಹಿಡಿದಿತ್ತು. ಎಂಟು ತಿಂಗಳು ದಿನಾ ಸೆಟ್ಟು ನುಂಗಿದಳು. ಒಂದು ಬೆಳಿಗ್ಗೆ ಅಂಗಡಿಗೆ ಬಂದವಳ ಮುಖದಲ್ಲಿ ಹೊಸ ಬಿಗುಮಾನವಿತ್ತು.

"ನನ್ ಮಕ ನೋಡಿ ಡಾಕ್ಟ್ರೇ. ಕಡ್ಡಿ ಇದ್ದಂಗಿದ್ದೋಳು ಚಂದ್ರನಂಗೆ ದುಂಡಗಾಗ್ಬುಟ್ಟೆ ಅಂತಾರೆ ನಮ್ಮೋರು. ಎಲ್ಲಾ ನಿಮ್ ಕೈಗುಣ."

ವೀರಭದ್ರಯ್ಯ ಕನ್ನಡಕ ಇಳಿಸಿ ನೋಡಿದರು. ಊರವರು ಹೊಗಳಿಕೆಗೆ ಆಡಿದ ಮಾತು ಅವರ ಪಠ್ಯಪುಸ್ತಕದಲ್ಲೂ ಇತ್ತು: ಸ್ಟೀರಾಯ್ಡ್ ಅತಿಯಾದರೆ ಮುಖ ಚಂದ್ರನಂತಾಗುತ್ತದೆ. ಅಲ್ಲಿ ಅದು ರೋಗಲಕ್ಷಣ. ಅವಳ ಮೊಣಕೈಯ ಸುತ್ತ ಏಟು ಬೀಳದೆಯೂ ಎದ್ದ ನೇರಳೆ ಕಲೆಗಳಿದ್ದವು.

"ಇನ್ಮೇಲೆ ಸೆಟ್ಟು ಇಲ್ಲ ಕಣಮ್ಮ."

"ಅಯ್ಯೋ, ಯಾಕಣ್ಣ?"

"ಬೇಡ ಅಂದ್ರೆ ಬೇಡ. ಡಾಕ್ಟ್ರು ನಾನೋ ನೀನೋ?"

ಕಾರಣ ಹೇಳಿದ್ದರೆ ತಪ್ಪು ಯಾರದೆಂದೂ ಹೇಳಬೇಕಿತ್ತು. ಇಂಥ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು, ಚೂರುಚೂರಾಗಿ ಇಳಿಸಬೇಕು ಎಂಬುದೂ ಅದೇ ಪುಸ್ತಕದಲ್ಲಿತ್ತು. ಆದರೆ ಇಳಿಸುವುದಕ್ಕೆ ಅವಳನ್ನು ಕೂರಿಸಿಕೊಂಡು ವಿವರಿಸಬೇಕು. ಖಡಕ್ಕಾಗಿ ನಿಲ್ಲಿಸುವುದರಲ್ಲಿ ಒಂದು ಗತ್ತಿದೆ.

ಐದನೆಯ ದಿನ ಕದರಮ್ಮನ ಮಗಳು ಮಂಜುಳಾ ಬಸ್ಸಿಳಿದು ಓಡಿಬಂದಳು.

"ಅಮ್ಮ ವಾಂತಿ ಮಾಡ್ಕಂಡು ಬಿದ್ದೋಗವ್ಳೆ. ಕೊರಟಗೆರೆ ಆಸ್ಪತ್ರೇಲಿ ಬಿಪಿ ಸಿಕ್ತಾನೇ ಇಲ್ಲ ಅಂತಾರೆ. ಯಾವ ಗುಳಿಗೆ ತಗಂತಿದ್ಲು ಅಂತ ಕೇಳಿದ್ರೆ, ಬಿಳೀದು ಅಂದೆ. ಬಿಳಿ ಗುಳಿಗೆ ಸಾವಿರ ಅವೆ ಕಣಮ್ಮ ಅಂದ್ರು. ಹೆಸರು ಬರ್ಕೊಡಣ್ಣ, ಬೇಗ!"

ಸೆಟ್ಟಿಗೆ ಕಾದಿದ್ದ ಕಾಡಸಿದ್ದಪ್ಪ ಧೈರ್ಯ ಹೇಳಿದ: "ನಮ್ ಡಾಕ್ಟ್ರ ಗುಳಿಗೆಯಿಂದ ಏನೂ ಆಗಲ್ಲ ಬುಡಮ್ಮ. ಊಟ ಏನೋ ಹೆಚ್ಚುಕಮ್ಮಿ ಆಗಿರ್ಬೇಕು."

ತಪ್ಪಿಸಿಕೊಳ್ಳುವ ಬಾಗಿಲು ಅಲ್ಲೇ ತೆರೆದಿತ್ತು. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ವೀರಭದ್ರಯ್ಯ ಕಪಾಟಿನಿಂದ ಬಿಳಿ ಗುಳಿಗೆಯ ಹೆಸರಿರುವ ಹಾಳೆಯನ್ನೇ ತೆಗೆದು ಜೇಬಿಗಿಟ್ಟು, ಶಟರ್ ಎಳೆದು, ಮಂಜುಳಾ ಜೊತೆ ಬಸ್ ಹತ್ತಿದರು.

ಆಸ್ಪತ್ರೆಯ ಡಾಕ್ಟರ್ ಶಶಿರೇಖಾ ಹಾಳೆ ನೋಡಿದವರೇ ನರ್ಸಿಗೆ ಇಂಜೆಕ್ಷನ್ ಹೇಳಿದರು. ಮಧ್ಯಾಹ್ನ ಮೂರರ ಹೊತ್ತಿಗೆ ರಕ್ತದೊತ್ತಡ ಮೇಲೇರಿತು. ಜೀವ ಉಳಿಯಿತು. ಮಾತ್ರೆಯ ಕೆಲಸ ಮಾಡುವ ರಸವನ್ನು ಅವಳ ಮೈ ತಾನೇ ತಯಾರಿಸುವುದನ್ನೇ ಮರೆತಿದೆ, ಇದೇ ಮಾತ್ರೆಯನ್ನು ಇನ್ನೆಷ್ಟು ವರ್ಷ ನುಂಗಬೇಕೋ, ಸೊಂಟದ ಮೂಳೆಯೂ ಸವೆದಂತಿದೆ ಎಂದರು. ಕೂಲಿಯ ಮಾತಂತೂ ಬಿಡಿ.

ಶಶಿರೇಖಾ ವರಾಂಡದ ಬೆಂಚಿನ ಬಳಿ ಬಂದು ಕೇಳಿದರು: "ಒಂದೇ ಸಲಕ್ಕೆ ನಿಲ್ಲಿಸಿದೋರು ಯಾರು?"

"ನಾನೇ."

"ಹಂಗೆ ನಿಲ್ಲಿಸಬಾರದು ಅಂತ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ ಎಂದಿದ್ದರೆ ಹಳ್ಳಿಯ ಅಂಗಡಿಯವನೆಂದು ಬಿಟ್ಟುಬಿಡುತ್ತಿದ್ದರೇನೋ.

"ಗೊತ್ತಿತ್ತು," ಎಂದರು ವೀರಭದ್ರಯ್ಯ.

ಅದೇ ಬೆಂಚಿನಲ್ಲಿ ಅವರ ಪಕ್ಕಕ್ಕೆ ಕೂತಿದ್ದ ಮಂಜುಳಾ ಎದ್ದುಹೋಗಿ, ಅಮ್ಮನಿದ್ದ ವಾರ್ಡಿನ ಬಾಗಿಲಿಗೆ ಅಡ್ಡವಾಗಿ ನಿಂತಳು.