ಫ್ಯಾರನ್‌ಹೀಟಿನ ಊರಲ್ಲಿ, ಕೆಲ್ವಿನ್ನಿನ ಕೆಲಸ

ಅಮೆರಿಕಕ್ಕೆ ಬಂದಿಳಿದ ಮರುದಿನವೇ ನನ್ನ ಮಗಳನ್ನು ನಾನು ಹೆಪ್ಪುಗಟ್ಟುವ ಚಳಿಗೆ ತೆಳ್ಳನೆಯ ಸ್ವೆಟರಿನಲ್ಲಿ ಕಳಿಸಿಬಿಟ್ಟೆ. ಅಡುಗೆಮನೆಯ ರೇಡಿಯೊದಲ್ಲಿ ಯಾರೋ ಉತ್ಸಾಹದಿಂದ, "ಇವತ್ತು ಹದಿನೈದು ಡಿಗ್ರಿ, ಒಳ್ಳೆಯ ಬಿಸಿಲು" ಎಂದಿದ್ದರು. ಹದಿನೈದು ಅಂದರೆ ಚನ್ನಗಿರಿಯ ಡಿಸೆಂಬರ್ ಬೆಳಗು ಎಂದುಕೊಂಡೆ. ಹಿಮವೇನೂ ಬಿದ್ದಿರಲಿಲ್ಲ. ಎಂಟು ವರ್ಷದ ಸಹನಾ ಅಳಿಲು ನೋಡುತ್ತೇನೆಂದು ಅಂಗಳಕ್ಕೆ ಓಡಿದಳು. ನಾನು ಪೆಟ್ಟಿಗೆ ಬಿಚ್ಚುತ್ತ ಕುಳಿತೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ದಬದಬ ಸದ್ದಾಯಿತು. ಪಕ್ಕದ ಮನೆಯ ಮುದುಕಿ ಡೋರತಿ ತಮ್ಮ ಕೋಟಿನೊಳಗೆ ಸಹನಾಳನ್ನು ಸುತ್ತಿ ಎತ್ತಿಕೊಂಡು ನಿಂತಿದ್ದರು. ಮಗುವಿನ ತುಟಿ ನೇರಳೆಯಾಗಿತ್ತು. "ಹನಿ, ಹೊರಗೆ ಹದಿನೈದು ಇದೆ!" ಎಂದರು. ಹನಿ ಎಂದರೆ ಜೇನು. ಇಲ್ಲಿ ಗುರುತಿಲ್ಲದವರನ್ನೂ ಅಕ್ಕರೆಯಿಂದ ಹಾಗೆ ಕರೆಯುತ್ತಾರೆ.

"ಹೌದು, ಹದಿನೈದೇ" ಎಂದೆ ನಾನು. ಹಾಗೆಂದ ಮೇಲೆ ಅರ್ಥವಾಯಿತು. ಅವರದು ಫ್ಯಾರನ್‌ಹೀಟ್, ನನ್ನದು ಸೆಲ್ಸಿಯಸ್. ನಮ್ಮ ಲೆಕ್ಕದಲ್ಲಿ ಅದು ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ.

ಈ ತಪ್ಪು ಬೇರೆ ಯಾರಾದರೂ ಮಾಡಿದ್ದರೆ ಕ್ಷಮಿಸಬಹುದಿತ್ತು. ನಾನು ಒಂಬತ್ತು ವರ್ಷ ಚನ್ನಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಫ್ಯಾರನ್‌ಹೀಟನ್ನು ಕೆಲ್ವಿನ್ನಿಗೆ ಬದಲಿಸುವುದು ನಮ್ಮಲ್ಲಿ ಎರಡು ಅಂಕದ ಪ್ರಶ್ನೆ. ಮೂವತ್ತೆರಡು ಕಳೆಯಿರಿ, ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿ, ಇನ್ನೂರ ಎಪ್ಪತ್ತಮೂರು ಕೂಡಿಸಿ. ಮಕ್ಕಳಿಂದ ರಾಗವಾಗಿ ಹೇಳಿಸುತ್ತಿದ್ದೆ. ಆದರೆ ನಮ್ಮ ಬದುಕಿನಲ್ಲಿ ಫ್ಯಾರನ್‌ಹೀಟ್ ಇದ್ದದ್ದು ಜ್ವರದ ಕಡ್ಡಿಯಲ್ಲಿ ಮಾತ್ರ, ಕೆಲ್ವಿನ್ ಇದ್ದದ್ದು ಪುಸ್ತಕದಲ್ಲಿ ಮಾತ್ರ. ಸೂತ್ರ ನನ್ನ ಬಾಯಲ್ಲಿತ್ತು, ಮೈಗೆ ಹತ್ತಿರಲಿಲ್ಲ.

ನನ್ನ ಪತಿ ಮಂಜುನಾಥ್ ಹೊನ್ನಾಳಿಯವರು, ವೃತ್ತಿಯಲ್ಲಿ ನರ್ಸ್. ಮಿನ್ನೆಸೋಟ ರಾಜ್ಯದ ಈ ಊರಿನ ಆಸ್ಪತ್ರೆಗೆ ನಮಗಿಂತ ಒಂದು ವರ್ಷ ಮೊದಲೇ ಬಂದಿದ್ದರು. ಆವತ್ತು ಡ್ಯೂಟಿಯಿಂದ ಬಂದವರು ಬೈಯಲಿಲ್ಲ. ಬಾಗಿಲ ಹಿಂದೆ ತೂಗುಹಾಕಿದ್ದ ದಪ್ಪ ಕೋಟುಗಳನ್ನು ತೋರಿಸಿ, "ಇವು ಹಿಮ ಬಿದ್ದಾಗ ಹಾಕ್ಕೊಳ್ಳೋವಲ್ಲ ಕಣೆ, ದಿನಾ ಹಾಕ್ಕೊಳ್ಳಾಕೆ ತಂದಿರೋವು" ಎಂದರು ಅಷ್ಟೆ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮುಂದಿನ ಎರಡು ತಿಂಗಳು ನಾನು ಕಿಟಕಿಯಾಚೆ ನೋಡುತ್ತ ಕೂರುವ ಹೆಂಗಸಾದೆ. ಹುಟ್ಟಿ ಬೆಳೆದ ಜಗಳೂರಿನಲ್ಲಿ ಮನೆಯ ಬಾಗಿಲು ಮುಚ್ಚಿದರೆ ಯಾರಿಗೋ ಹುಷಾರಿಲ್ಲ ಎಂದು ಅರ್ಥ. ಇಲ್ಲಿ ಊರೇ ಬಾಗಿಲು ಮುಚ್ಚಿಕೊಂಡಿತ್ತು. ಒಳಗೆ ಅರವತ್ತೆಂಟು, ಅಂದರೆ ನಮ್ಮ ಇಪ್ಪತ್ತು. ಹೊರಗೆ ಮೈನಸ್ಸು. ಅದರ ಮೇಲೆ 'ವಿಂಡ್ ಚಿಲ್' ಎಂಬ ಇನ್ನೊಂದು ಸಂಖ್ಯೆ: ಗಾಳಿ ಬೀಸಿದಾಗ ಚಳಿ ಚರ್ಮಕ್ಕೆ ಎಷ್ಟೆಂದು ತೋರುತ್ತದೆ ಎಂಬ ಲೆಕ್ಕ. ಊರಾಚೆ ಕೊಯ್ದ ಮೆಕ್ಕೆಜೋಳದ ಹೊಲಗಳು ನಮ್ಮ ತಾಲ್ಲೂಕಿನವುಗಳಂತೆಯೇ ಇದ್ದವು. ಆ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಹೆಂಚಿನ ಮೇಲೆ ಒಡೆದು ಚೂರಾಗುತ್ತಿತ್ತು. ಕುದಿಯುವ ನೀರಿನಲ್ಲಿ ನಾದಿ ಕೊನೆಗೊಂದು ಇಡೀ ರೊಟ್ಟಿ ಎದ್ದ ದಿನ, ಶೇಂಗಾ ಚಟ್ನಿಪುಡಿ ಹಾಕಿ ಡೋರತಿಗೆ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದರು. ಇಲ್ಲಿಯ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಹಾಯಕರ ಕೆಲಸ ಖಾಲಿ ಇದೆಯೆಂದು ಹೇಳಿದವರೂ ಅವರೇ.

ಸಂದರ್ಶನದ ದಿನ ಹೊರಗೆ ಮೈನಸ್ ಇಪ್ಪತ್ತೆರಡು ಫ್ಯಾರನ್‌ಹೀಟ್. ಮುಖ್ಯಸ್ಥೆ ನನ್ನ ಪ್ರಮಾಣಪತ್ರಗಳನ್ನು ಬದಿಗಿಟ್ಟು, "ಈಗ ಹೊರಗಿರುವ ಚಳಿ ಎಷ್ಟು ಕೆಲ್ವಿನ್?" ಎಂದು ಕೇಳಿದರು. ನನಗೆ ಚನ್ನಗಿರಿಯ ತರಗತಿಯ ರಾಗವೇ ಕೇಳಿಸಿತು. ಮೂವತ್ತೆರಡು ಕಳೆದೆ, ಮೈನಸ್ ಐವತ್ತನಾಲ್ಕು. ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದೆ, ಮೈನಸ್ ಮೂವತ್ತು. ಇನ್ನೂರ ಎಪ್ಪತ್ತಮೂರು ಕೂಡಿಸಿ, "ಇನ್ನೂರ ನಲವತ್ತಮೂರು" ಎಂದೆ. ಅವರು ನಕ್ಕು ಒಳಗೆ ಕರೆದೊಯ್ದರು.

ಅಲ್ಲಿ ಆಳೆತ್ತರದ ಒಂದು ಉಕ್ಕಿನ ಪಾತ್ರೆ ಇತ್ತು, ದೊಡ್ಡ ಥರ್ಮಾಸ್ ಫ್ಲಾಸ್ಕಿನ ಹಾಗೆ. ಒಳಗೆ ದ್ರವವಾದ ಹೀಲಿಯಂ. ಮೇಲಿನ ಪರದೆಯಲ್ಲಿ ಕೆಂಪು ಅಂಕಿ: 4.2. "ಮುಟ್ಟಿ ನೋಡಿ" ಎಂದರು. ಹೆದರುತ್ತಲೇ ಅಂಗೈ ಇಟ್ಟೆ. ಹೊರಮೈ ತಣ್ಣಗೂ ಇರಲಿಲ್ಲ! ನನ್ನ ಕೈಯಿಂದ ಒಂದು ಗೇಣು ಆಚೆ ನಾಲ್ಕು ಕೆಲ್ವಿನ್. ಅಲ್ಲಿಂದ ನಾಲ್ಕೇ ಮೆಟ್ಟಿಲು ಇಳಿದರೆ ಸೊನ್ನೆ, ಆ ಸೊನ್ನೆಯ ಕೆಳಗೆ ಚಳಿಯೆಂಬುದೇ ಇಲ್ಲ. ಕೆಲ್ವಿನ್ನಿನಲ್ಲಿ ಮೈನಸ್ ಇಲ್ಲ ಎಂದು ನೂರಾರು ಮಕ್ಕಳಿಗೆ ಹೇಳಿದ್ದ ನನಗೆ ಅದರ ಅರ್ಥ ಅಲ್ಲಿ ನಿಂತಾಗ ತಿಳಿಯಿತು. ಜಗಳೂರಿನ ಸುಡುವ ಏಪ್ರಿಲ್ ಮಧ್ಯಾಹ್ನ ಮುನ್ನೂರ ಹದಿಮೂರು. ಈ ಊರಿನ ಕೊರೆಯುವ ಜನವರಿ ಇನ್ನೂರ ನಲವತ್ತಮೂರು. ನಡುವೆ ಬರೀ ಎಪ್ಪತ್ತು. ನಾನು ಲೋಕದ ಎರಡು ತುದಿ ಎಂದು ಅಳುತ್ತಿದ್ದ ಎರಡು ಊರುಗಳು ಅಕ್ಕಪಕ್ಕದ ಓಣಿಗಳಾಗಿದ್ದವು. ಕೆಲಸ ಸಿಕ್ಕಿತು.

ಮಾರ್ಚಿನಲ್ಲಿ ಒಂದು ಸಂಜೆ ಸಹನಾಳಿಗೆ ಜ್ವರ ಏರಿತು. ಮಂಜುನಾಥ್ ಡ್ಯೂಟಿಯಲ್ಲಿದ್ದರು. ಫೋನಿನಲ್ಲಿ ಯಾವ ಔಷಧಿ ಎಷ್ಟು ಎಂದು ಹೇಳಿ, "ಇನ್ನೊಂದು ಗಂಟೇಲಿ ಇಳೀಲಿಲ್ಲ ಅಂದ್ರೆ ಕರ್ಕೊಂಡು ಬಂದ್ಬಿಡು" ಎಂದರು. ನಾನು ಜಗಳೂರಿಗೆ, ಅವ್ವನಿಗೂ ಫೋನು ಮಾಡಿದೆ. ಅಲ್ಲಿ ಬೆಳಗಾಗಿತ್ತು.

"ಎಷ್ಟೈತೆ?" ಎಂದಳು.

"ನೂರಾ ನಾಕು."

"ಅಷ್ಟು ಥಂಡಿ ಇರೋ ಊರಾಗೆ ಅಷ್ಟು ಜ್ವರ ಹೆಂಗೆ ಬಂತವ್ವ? ಒದ್ದೆ ಬಟ್ಟೆಲಿ ಮೈ ಒರೆಸು. ಫೋನು ಇಡಬ್ಯಾಡ, ನಾನು ಇಲ್ಲೇ ಕುಂತಿರ್ತೀನಿ."

ಬಟ್ಟೆ ಹಿಂಡುವಾಗ ತಲೆ ತಾನಾಗಿ ಲೆಕ್ಕ ಹಾಕಿತು. ಮುನ್ನೂರ ಹದಿಮೂರು. ಊರಿನ ಏಪ್ರಿಲ್ ಮಧ್ಯಾಹ್ನ ನನ್ನ ಮಗಳ ಮೈಯೊಳಗೆ ಉರಿಯುತ್ತಿತ್ತು. ಆರೋಗ್ಯದ ಮೈ ಮುನ್ನೂರ ಹತ್ತು. ನಗುತ್ತ ಆಡುವುದಕ್ಕೂ ಕಣ್ಣು ಬಿಡಲಾರದೆ ಮಲಗುವುದಕ್ಕೂ ನಡುವೆ ಮೂರೇ ಕೆಲ್ವಿನ್! ಸೊನ್ನೆಯಿಂದ ಇಷ್ಟು ಎತ್ತರದಲ್ಲಿ, ಇಷ್ಟು ಸಣ್ಣ ಗೆರೆಯ ಮೇಲೆ ಜೀವ ನಿಂತಿದೆ. ಭಯದ ನಡುವೆಯೂ ಮೈ ಜುಮ್ಮೆಂದಿತು. ಯಾವ ಉಪಕರಣವೂ ಇಲ್ಲದೆ ಈ ಪುಟ್ಟ ಮೈ ವರ್ಷಗಟ್ಟಲೆ ಆ ಗೆರೆ ಬಿಡದೆ ಕಾಯ್ದುಕೊಂಡಿತ್ತಲ್ಲ.

ಗಂಟೆ ತುಂಬುವ ಮೊದಲೇ ಮಗು ಬೆವರಿತು. ನೂರಾ ಒಂದಕ್ಕೆ ಇಳಿಯಿತು. "ಅಜ್ಜಿ ಐತಾ ಫೋನಾಗೆ?" ಎಂದು ಕ್ಷೀಣವಾಗಿ ಕೇಳಿತು. ಅವ್ವ ಆ ಕಡೆ ಅಳುತ್ತಿದ್ದಳು.

ಮರುವರ್ಷ ಬೇಸಿಗೆಗೆ ಊರಿಗೆ ಹೋದೆವು. ದಾವಣಗೆರೆಯಿಂದ ಬಸ್ಸಿನಲ್ಲಿ ಜಗಳೂರಿಗೆ ಬಂದು ಇಳಿದು ಮನೆ ಸೇರುವಷ್ಟರಲ್ಲಿ ತಲೆ ಸುಡುತ್ತಿತ್ತು. ಒಳಗೆ ಕಾಲಿಡುತ್ತ, "ಅಬ್ಬಾ, ನೂರಾ ಎರಡು ಐತೆ!" ಎಂದೆ.

ಅವ್ವ ಕೈಲಿದ್ದ ನೀರಿನ ಚೊಂಬನ್ನು ಅಲ್ಲೇ ಇಟ್ಟು ಓಡಿ ಬಂದಳು. "ಯಾರಿಗವ್ವ?" ಎನ್ನುತ್ತ ಮೊದಲು ಸಹನಾಳ ಹಣೆ, ಆಮೇಲೆ ನನ್ನ ಹಣೆ ಮುಟ್ಟಿದಳು. ನಾನು ಬಿಸಿಲಿನ ಮಾತಾಡಿದ್ದೆ, ಅದೂ ಮಿನ್ನೆಸೋಟದವರ ಹಾಗೆ. ನೀರಿನಿಂದ ತಣ್ಣಗಾಗಿದ್ದ ಆ ಅಂಗೈ ಹಣೆಯ ಮೇಲೆ ಇನ್ನಷ್ಟು ಹೊತ್ತು ಇರಲಿ ಎಂದು ಕಣ್ಣು ಮುಚ್ಚಿ ನಿಂತೆ.