ಮಂಗಳವಾರದ ಮಳೆ

ಈ ಸಂಗತಿ ನಡೆದ ವರ್ಷ ಯಾವುದೆಂದು ನಾನು ಖಚಿತವಾಗಿ ಹೇಳಲಾರೆ. ನನ್ನ ದಿನಚರಿಯಲ್ಲಿ ಅದು ಒಂದು ವರ್ಷದ ಪುಟಗಳಲ್ಲಿದೆ. ಪ್ರಶಸ್ತಿ ಸಮಿತಿಯಿಂದ ಬಂದ ಪತ್ರದ ಮೇಲೆ ಅದರ ಮುಂದಿನ ವರ್ಷದ ಅಂಚೆ ಮುದ್ರೆಯಿದೆ. ಆಯಾ ದಿನವೇ ಬರೆದದ್ದಾದ್ದರಿಂದ ದಿನಚರಿಯನ್ನೇ ನಂಬಬೇಕೆನ್ನಬಹುದು. ಆದರೆ ಆ ಕಾಲದಲ್ಲಿ ನಾನು ಹಿಂದಿನ ವರ್ಷದ ಡೈರಿಯಲ್ಲಿ ಉಳಿದ ಹಾಳೆಗಳನ್ನೇ ಬಳಸುತ್ತಿದ್ದೆ. ಆದ್ದರಿಂದ ಎಂಬತ್ತರ ದಶಕದ ಮೊದಲ ಭಾಗ ಎಂದಷ್ಟೇ ಹೇಳುತ್ತೇನೆ. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ.

ನಾನು ಕಡೂರಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಕಾವಲುಗಳ, ಅಂದರೆ ಹಿಂದೆ ಸರ್ಕಾರಿ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲುಗಳ, ಸಸ್ಯಗಳನ್ನು ಕುರಿತು ಅಧ್ಯಯನ ಮಾಡುತ್ತಿದ್ದೆ. ರೈಲ್ವೆ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಣಗಿಸಿದ ಹುಲ್ಲಿನ ಕಟ್ಟುಗಳು, ಎರಡು ಹೊತ್ತು ಹೋಟೆಲಿನ ಊಟ. ಮದುವೆಯಾಗಿರಲಿಲ್ಲ. ವಾರವಿಡೀ ನನ್ನೊಡನೆ ಮಾತನಾಡಿದವರು ಹೋಟೆಲಿನ ಮಾಣಿ ಮತ್ತು ಅಂಚೆಯವರು ಇಬ್ಬರೇ ಎಂದು ಒಂದು ಭಾನುವಾರದ ಪುಟದಲ್ಲಿ ಬರೆದಿಟ್ಟಿದ್ದೇನೆ. ಅದನ್ನು ದೂರಿನಂತೆ ಬರೆದಿರಲಿಲ್ಲ. ಆ ದಿನ ಬೇರೇನೂ ಬರೆಯಲು ಇರಲಿಲ್ಲ.

'ಪರಿಸರ ಶಿಕ್ಷಣ' ಎಂಬ ಮಾತು ನಮ್ಮ ಕಡೆಯ ಶಾಲೆಗಳಿಗೆ ಬಂದದ್ದು ಆ ದಿನಗಳಲ್ಲಿ. ಗಣ್ಯರೊಬ್ಬರನ್ನು ಕರೆಸಿ ಸಸಿ ನೆಡಿಸುವುದೇ ಪರಿಸರ ಶಿಕ್ಷಣ ಎಂಬುದು ಸಾಮಾನ್ಯ ತಿಳಿವಳಿಕೆ. ಅದನ್ನು ಪ್ರೋತ್ಸಾಹಿಸಲು ಕೆಲವು ಹಿರಿಯರು ಸೇರಿ ನಮ್ಮ ಸುತ್ತಿನ ಪ್ರಾಥಮಿಕ ಶಾಲೆಗಳಿಗಾಗಿ ಒಂದು ಪ್ರಶಸ್ತಿಯನ್ನು ಏರ್ಪಡಿಸಿದರು. ಒಂದು ಫಲಕ, ಮೇಷ್ಟ್ರಿಗೆ ಒಂದು ಶಾಲು, ಶಾಲೆಗೆ ಒಂದು ಪೆಟ್ಟಿಗೆ ಪುಸ್ತಕ. ತೀರ್ಪುಗಾರರು ಮೂವರು, ಇಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು, ಮೂರನೆಯವನು ನಾನು. ಸಸ್ಯಶಾಸ್ತ್ರ ಓದಿದವನೆಂಬ ಕಾರಣಕ್ಕೆ ಉಳಿದಿಬ್ಬರೂ ನನ್ನ ಮಾತಿಗೆ ಹೆಚ್ಚು ತೂಕ ಕೊಡುತ್ತಿದ್ದರು.

ಅಜ್ಜಂಪುರದಿಂದ ಮೂರು ಮೈಲಿ ದೂರದ ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ನಾನು ಹೋದದ್ದು ಆ ಕೆಲಸದ ಮೇಲೆ. ಮೇಷ್ಟ್ರು ತರೀಕೆರೆಯ ಹಳೆಯ ಮುಸ್ಲಿಂ ಮನೆತನದವರು, ನನಗಿಂತ ಐದಾರು ವರ್ಷ ಚಿಕ್ಕವರು. ವಾರದ ದಿನಗಳಲ್ಲಿ ಶಾಲೆಯ ಪಕ್ಕದ ಕೋಣೆಯಲ್ಲೇ ಒಬ್ಬರೇ ಇದ್ದು, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದರು. ಅರ್ಜಿಯಲ್ಲಿ 'ನೆಟ್ಟ ಸಸಿಗಳ ಸಂಖ್ಯೆ' ಎಂಬಲ್ಲಿ 'ಇಲ್ಲ' ಎಂದು ಬರೆದಿದ್ದರು. ಏಕೆಂದು ಕೇಳಿದೆ.

"ಎಲ್ಲಿ ನೆಡ್ಲಿ ಸಾರ್? ಸುತ್ತ ಕಾವಲು. ಇಲ್ಲಿ ಹುಲ್ಲೇ ಕಾಡು. ಮರ ಬೆಳೆಸಿದ್ರೆ ಕೃಷ್ಣಮೃಗ ಎಲ್ಲಿಗೆ ಹೋಗುತ್ತೆ, ಬುರ್ಲಿ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತೆ?" ಎಂದವರು ನಕ್ಕು, "ಊರೋರು ನಂಗೆ ಹುಲ್ಲು ಮೇಷ್ಟ್ರು ಅಂತಾರೆ. ದನ ಬಿಟ್ರೆ ಹುಲ್ಲಿನ ರುಚಿ ಗೊತ್ತಿರೋನು ಇವನೊಬ್ನೇ ಅಂತ," ಎಂದರು.

ನಾನು ಹಲವು ವರ್ಷ ಹೇಳಲು ಹೆಣಗುತ್ತಿದ್ದ ಮಾತನ್ನು ಅವರು ಬಾಗಿಲಲ್ಲಿ ನಿಂತು ಹೇಳಿದ್ದರು. ಆಮೇಲೆ ಮಕ್ಕಳ ಪುಸ್ತಕವನ್ನು ತೋರಿಸಿದರು. ಉದ್ದ ಗೆರೆಯ ದಪ್ಪ ಪುಸ್ತಕ. ಅಂಗಳದಲ್ಲಿ ಮೇಲ್ಭಾಗ ಕತ್ತರಿಸಿದ ಎಣ್ಣೆ ಡಬ್ಬಿಯೊಂದನ್ನು ಹೂತಿಟ್ಟು, ಮಳೆಯಾದಾಗಲೆಲ್ಲ ಅಳತೆ ಪಟ್ಟಿಯಿಂದ ನೀರಿನ ಆಳವನ್ನು ಅಳೆದು, ತಾರೀಖಿನ ಮುಂದೆ ಬರೆದಿದ್ದರು. ಆ ಮಳೆಗೆ ಯಾವ ಹುಲ್ಲು ಚಿಗುರಿತು, ಎಷ್ಟು ದಿನಕ್ಕೆ ತೆನೆ ಬಿಟ್ಟಿತು, ಯಾವ ಹಕ್ಕಿ ಬಂತು ಎಲ್ಲವೂ ಮಕ್ಕಳ ಕೈಬರಹದಲ್ಲಿತ್ತು. ಹೆಚ್ಚಿನ ಪುಟಗಳು ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯವು. ಅಕ್ಷರ ಓರೆ, ಅಂಕಿ ಸ್ಪಷ್ಟ.

ಆ ಮಳೆಗಾಲದಲ್ಲಿ ಸಮಿತಿಯ ನೆಪದಿಂದ ಎರಡು ಬಾರಿ, ಯಾವ ನೆಪವೂ ಇಲ್ಲದೆ ನಾಲ್ಕು ಬಾರಿ ಅಲ್ಲಿಗೆ ಹೋದೆ. ಕಡೂರಿನಿಂದ ಪ್ಯಾಸೆಂಜರ್ ರೈಲು, ನಿಲ್ದಾಣದಿಂದ ಅವರ ಸೈಕಲ್ಲಿನ ಕ್ಯಾರಿಯರ್. ರೊಟ್ಟಿ ಸುಡುತ್ತ ಅವರು ಹುಲ್ಲುಗಳಿಗೆ ಮಕ್ಕಳು ಕಟ್ಟಿದ ಹೆಸರುಗಳನ್ನು ಹೇಳುವರು. ನಾನು ಶಾಸ್ತ್ರದ ಹೆಸರನ್ನು ಹೇಳುವೆ. "ನಿಮ್ದು ಬಾಯಿ ತಿರುಗಲ್ಲ ಕಣ್ರೀ ಸಾರ್. ದನಕ್ಕೆ ಹೇಳಿದ್ರೆ ಮೇವು ಬಿಟ್ಬಿಡುತ್ತೆ," ಎನ್ನುವರು. ಕಡೂರಿನ ಆ ವರ್ಷಗಳಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಅಲ್ಲಿ ಮಾತ್ರ.

ಕೊನೆಯ ಸುತ್ತಿಗೆ ಎರಡು ಶಾಲೆಗಳು ಉಳಿದವು: ಇದು ಮತ್ತು ಲಕ್ಕವಳ್ಳಿ ಕಡೆಯ, ಸಾಲು ಸಾಲು ಸಸಿ ನೆಟ್ಟಿದ್ದ ಒಂದು ಶಾಲೆ. ನನ್ನ ಒಲವು ಯಾವ ಕಡೆಗೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆಚ್ಚು ಕಟ್ಟುನಿಟ್ಟಾಗಿರಬೇಕೆಂದುಕೊಂಡೆ. ತರೀಕೆರೆಯ ತಾಲ್ಲೂಕು ಕಚೇರಿಗೆ ಹೋಗಿ, ಅಜ್ಜಂಪುರ ಹೋಬಳಿಯ ಮಳೆಮಾಪಕದ ಪುಸ್ತಕವನ್ನು ಕೇಳಿ ಪಡೆದು, ದೊಡ್ಡ ಮಳೆಗಳನ್ನಷ್ಟೇ ಆರಿಸಿಕೊಂಡು, ಸಮಿತಿಗೆ ಕಳಿಸಿದ್ದ ಶಾಲೆಯ ಪುಸ್ತಕದೊಡನೆ ಹೋಲಿಸಿದೆ. ಅಳತೆಗಳು ಹೆಚ್ಚುಕಡಿಮೆ ಕೂಡುತ್ತಿದ್ದವು. ತಾರೀಖುಗಳು ಕೂಡಲಿಲ್ಲ. ಕಚೇರಿಯಲ್ಲಿ ಬುಧವಾರವೆಂದಿದ್ದ ಮಳೆ ಶಾಲೆಯಲ್ಲಿ ಮಂಗಳವಾರ. ಅಲ್ಲಿ ಶನಿವಾರದ್ದು ಇಲ್ಲಿ ಶುಕ್ರವಾರ. ಒಂದೂ ಬಿಡದೆ ಎಲ್ಲವೂ ಒಂದು ದಿನ ಹಿಂದೆ.

ಎಲ್ಲವೂ ಒಂದೇ ರೀತಿಯಲ್ಲಿ ತಪ್ಪಿದ್ದರೆ ಅದು ತಪ್ಪಲ್ಲ, ಬೇರೊಂದು ಕ್ರಮವಿರಬಹುದು ಎಂದು ಶಂಕಿಸುವುದು ನನ್ನ ವೃತ್ತಿಯ ಮೊದಲ ಪಾಠ. ಅಂದು ಅದು ಹೊಳೆಯಲಿಲ್ಲ. ಯಾರೋ ಒಂದೇ ಸಲಕ್ಕೆ ಕುಳಿತು ಕ್ಯಾಲೆಂಡರ್ ನೋಡಿ ಇಡೀ ಪುಸ್ತಕ ತುಂಬುವಾಗ ಒಂದು ದಿನ ಜಾರಿರಬೇಕೆಂದು ತೀರ್ಮಾನಿಸಿದೆ. ಮೇಷ್ಟ್ರನ್ನು ಕೇಳಬಹುದಿತ್ತು. ಕೊನೆಯ ಸುತ್ತು ಶುರುವಾದ ಮೇಲೆ ಅಭ್ಯರ್ಥಿಗಳೊಡನೆ ಮಾತನಾಡಬಾರದೆಂಬ ನಿಯಮ ನಮ್ಮದು. ನಿಯಮವನ್ನು ಪಾಲಿಸಿದೆ. ವರದಿಯಲ್ಲಿ ಒಂದೇ ಸಾಲು ಬರೆದೆ: 'ದಾಖಲೆಯ ದಿನಾಂಕಗಳು ಕಚೇರಿಯ ಮಳೆ ಪುಸ್ತಕದೊಡನೆ ಕೂಡುವುದಿಲ್ಲ, ಆಮೇಲೆ ತುಂಬಿದಂತೆ ಕಾಣುತ್ತವೆ.'

ಫಲಕ ಲಕ್ಕವಳ್ಳಿ ಕಡೆಗೆ ಹೋಯಿತು. ಪದ್ಧತಿಯಂತೆ ವರದಿಯ ಪ್ರತಿ ಎರಡೂ ಶಾಲೆಗಳಿಗೆ ಹೋಯಿತು. ಮೇಷ್ಟ್ರಿಂದ ಕಾಗದ ಬರಲಿಲ್ಲ. ನಾನೂ ಬರೆಯಲಿಲ್ಲ, ಅಜ್ಜಂಪುರದ ಕಡೆಯ ಕಾವಲುಗಳ ಕೆಲಸ ಬಾಕಿಯಿದ್ದರೂ ಬಾಣಾವರದ ದಿಕ್ಕಿಗೆ ಹೋಗತೊಡಗಿದೆ. ಸುಳ್ಳು ದಾಖಲೆ ತೋರಿಸಿದರೆಂಬ ಬೇಸರ ನನಗೆ ಕೆಲವು ತಿಂಗಳವರೆಗೆ ಇತ್ತು. ಬೇಸರ ಕಡಿಮೆಯಾದ ಮೇಲೂ ಹೋಗಲಿಲ್ಲ.

ಒಂದೂವರೆ ವರ್ಷದ ಅನಂತರ, ನನ್ನದೇ ಒಂದು ಪ್ರಬಂಧಕ್ಕೆ ಮಳೆಯ ವಿವರ ಬೇಕಾಗಿ ಮತ್ತೆ ತರೀಕೆರೆಯ ಕಚೇರಿಗೆ ಹೋದೆ. ಹಿಂದಿನ ವಾರದ ಬುಧವಾರ ಅಜ್ಜಂಪುರದಲ್ಲಿ ದೊಡ್ಡ ಮಳೆಯಾಯಿತಲ್ಲವೇ ಎಂದು ಸುಮ್ಮನೆ ಮಾತಿಗೆ ಕೇಳಿದೆ. ಅಲ್ಲಿಂದಲೇ ದಿನವೂ ಬರುತ್ತಿದ್ದ ಗುಮಾಸ್ತರು ತಲೆಯೆತ್ತಿದರು.

"ಬುಧವಾರ ಎಲ್ಲಿ ಸಾರ್ ಮಳೆ? ಅವತ್ತು ಸುಡು ಬಿಸ್ಲು ಕಣ್ರೀ. ನಮ್ಮನೇಲಿ ಹಪ್ಪಳ ಒಣಗ್ಸಿದ್ರು."

"ನಿಮ್ಮ ಪುಸ್ತಕದಲ್ಲೇ ಬುಧವಾರ ಎಂದಿದೆಯಲ್ಲ?" ಎಂದೆ.

"ಪುಸ್ತಕದಾಗೆ ಇರುತ್ತೆ. ಬಿದ್ದಿದ್ದು ಮಂಗಳವಾರ ಸಾಯಂಕಾಲ. ಅಳೆಯೋದು ಬುಧವಾರ ಬೆಳಿಗ್ಗೆ ಎಂಟೂವರೆಗೆ. ಅಳೆದ ತಾರೀಖಿಗೆ ಬರೀಬೇಕು, ಅದು ರೂಲು." ಆಮೇಲೆ ಪಕ್ಕದ ಮೇಜಿನವರ ಕಡೆ ತಿರುಗಿ, "ಇಷ್ಟ್ ಓದಿದಾರೆ, ಹಪ್ಪಳ ಒಣಗ್ಸೋರಿಗೆ ಗೊತ್ತಿರೋದು ಇವ್ರಿಗೆ ಗೊತ್ತಿಲ್ಲ ನೋಡಪ್ಪಾ," ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಕಚೇರಿಯವರು ಅಳೆದ ದಿನವನ್ನು ಬರೆದಿದ್ದರು. ಮಕ್ಕಳು ಬೆಳಿಗ್ಗೆ ಬಂದು ಡಬ್ಬಿಯನ್ನು ಅಳೆದರೂ, ಮಳೆ ಬಿದ್ದ ದಿನದ ಮುಂದೆ ಬರೆದಿದ್ದರು. ಊರಿನಲ್ಲಿ ಯಾರನ್ನು ಕೇಳಿದರೂ ಅದು ಮಂಗಳವಾರದ ಮಳೆಯೇ. ಬಿತ್ತನೆಯ ದಿನಗಳನ್ನು ಎಣಿಸುವುದೂ ಹಾಗೆಯೇ.

ಆ ವಾರವೇ ಸಮಿತಿಗೆ ಎರಡು ಪುಟದ ಪತ್ರ ಬರೆದು, ನನ್ನ ಸಾಲನ್ನು ಹಿಂತೆಗೆದುಕೊಂಡಿದ್ದೇನೆಂದು ತಿಳಿಸಿದೆ. ಆ ವರ್ಷದ ಕಡತ ಮುಗಿದಿದೆಯೆಂದು ಕಾರ್ಡಿನಲ್ಲಿ ಉತ್ತರ ಬಂತು. ಇನ್ನು ಉಳಿದದ್ದು ನಾನೇ ಹೋಗಿ ಹೇಳುವುದು. ಒಂದು ಶನಿವಾರ ಬೆಳಗಿನ ರೈಲಿಗೆ ಹೋದೆ. ನಿಲ್ದಾಣದಿಂದ ನಡೆದೇ ಹೋದೆ.

ಶಾಲೆ ಬಿಡುವ ಹೊತ್ತು. ಮೇಷ್ಟ್ರು ನನ್ನನ್ನು ಕಂಡು ಎದ್ದು, ಕುರ್ಚಿ ಹಾಕಿ, ನಾನು ಬಾಯಿ ತೆರೆಯುವ ಮೊದಲೇ ಪುಸ್ತಕವನ್ನು ತಂದು ಮುಂದಿಟ್ಟರು.

"ನೋಡಿ ಸಾರ್. ಈಗ ಒಂದ್ ದಿನಾನೂ ಹೆಚ್ಚುಕಮ್ಮಿ ಇಲ್ಲ. ಆಫೀಸಿಂದಕ್ಕೂ ನಮ್ದಕ್ಕೂ ಕರೆಕ್ಟಾಗಿ ಕೂಡುತ್ತೆ."

ಕೂಡುತ್ತಿತ್ತು. ತಾರೀಖು ಮಾತ್ರವಲ್ಲ, ಅಳತೆಯೂ. ಬರಹವೆಲ್ಲ ಅವರದೇ. ಹುಲ್ಲು, ಹಕ್ಕಿಗಳ ಅಂಕಣ ಖಾಲಿಯಿತ್ತು.

"ಮಕ್ಕಳು ಬರೆಯುವುದಿಲ್ಲವೇ?" ಎಂದೆ.

"ನಿಮ್ಮ ವರದಿ ಬಂದ ಮೇಲೆ ಸ್ಕೂಲ್ ಇನ್ಸ್‌ಪೆಕ್ಟ್ರು ಹೇಳಿದ್ರು, ಆಫೀಸಿನ ತಾರೀಖೇ ಹಾಕ್ಸಿ ಅಂತ. ಹಾಕ್ಸಿದೆ. ಆಮೇಲೆ ಹುಡುಗ್ರಿಗೆ ಬೇಜಾರಾಗೋಯ್ತು. ಡಬ್ಬಿ ನೋಡೋರೇ ಇಲ್ಲ. ಶನಿವಾರ ತರೀಕೆರೆಗೆ ಹೋದಾಗ ನಾನೇ ಕಾಪಿ ಮಾಡ್ಕೊಂಡು ಬತ್ತೀನಿ."

ನಾನು ಗುಮಾಸ್ತರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಕೇಳಿದರು.

"ಹಂಗಾದ್ರೆ ಹುಡುಗ್ರು ಬರ್ದಿದ್ದೇ ಸರೀನಾ?"

"ಎರಡೂ ಸರಿಯೇ. ಅವರು ಬಿದ್ದ ದಿನ ಬರೆದರು, ಕಚೇರಿಯವರು..."

"ಎರಡೂ ಸರಿ ಅನ್ಬೇಡಿ ಸಾರ್. ಆಮೇಲೆ ತುಂಬಿದ್ದು ಅಂತ ಬರ್ದೋರು ನೀವು."

ಅವರು ಪುಸ್ತಕವನ್ನು ಮುಚ್ಚಿದರು.

"ಹೆಚ್ಚು ಪುಟ ಬರೀತಿದ್ಲಲ್ಲ, ಆ ಹುಡ್ಗಿ ನನ್ ಜೊತೆ ಜಗಳ ಆಡಿದ್ಲು," ಎಂದರು. "'ನೆನ್ನೆ ಬಿತ್ತು ಸಾರ್, ನಾನೇ ನೆಂದಿದೀನಿ, ನನ್ ಲಂಗ ಇನ್ನೂ ಒಣಗಿಲ್ಲ' ಅಂದ್ಲು. ನಾನು, 'ಆಫೀಸಿನೋರಿಗಿಂತ ನಿಂಗೆ ಜಾಸ್ತಿ ಗೊತ್ತೇನೇ?' ಅಂದ್ಬಿಟ್ಟೆ. ಮಾರನೇ ದಿನದ ಗೆರೇಲಿ ಬರೆಸ್ದೆ. ಅವತ್ತಿಂದ ಅವಳು ಪುಸ್ತಕ ಮುಟ್ಲಿಲ್ಲ."

ಪ್ರಶಸ್ತಿಯ ಮಾತನ್ನು ಅವರು ಎತ್ತಲೇ ಇಲ್ಲ. ಸಮಿತಿಗೆ ಬರೆದ ಪತ್ರದ ಪ್ರತಿ ನನ್ನ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಆ ಹುಡುಗಿ ಈಗ ಅಜ್ಜಂಪುರದ ಮಿಡ್ಲ್ ಸ್ಕೂಲಿಗೆ ನಡೆದು ಹೋಗಿ ಬರುತ್ತಾಳೆಂದು ತಿಳಿಯಿತು. ತಪ್ಪು ನನ್ನದು, ನಾನೂ ಬಂದು ಅವಳಿಗೆ ಹೇಳುತ್ತೇನೆಂದೆ.

"ಬ್ಯಾಡ ಸಾರ್. ನೀವು ಜೊತೇಲಿ ನಿಂತ್ರೆ ನೀವು ಹೇಳಿಸ್ದಂಗಾಗುತ್ತೆ. ಅವಳಿಗೆ ಸುಳ್ಳು ಅಂದೋನು ನಾನು, ನಾನೇ ಹೇಳ್ತೀನಿ."

ಶಾಲೆಗೆ ಬೀಗ ಹಾಕಿ ಸೈಕಲ್ ಹತ್ತಿದರು. ಅಜ್ಜಂಪುರಕ್ಕೆ ದಾರಿ ಒಂದೇ. ಕೂತ್ಕೊಳ್ಳಿ ಎಂದು ಅವರು ಹೇಳಲಿಲ್ಲ, ನಾನೂ ಕಾಯಲಿಲ್ಲ. ಹಿಂದೆ ನಡೆಯುತ್ತ ಬಂದೆ.

ಅಜ್ಜಂಪುರ ಇನ್ನೂ ಅರ್ಧ ಮೈಲಿ ಇರುವಾಗ, ಮೇಷ್ಟ್ರು ರಸ್ತೆಯ ಅಂಚಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿರುವುದೂ, ಮಿಡ್ಲ್ ಸ್ಕೂಲು ಬಿಟ್ಟು ಬರುತ್ತಿದ್ದ ಮಕ್ಕಳ ಗುಂಪು ಅವರಿಗೆ ಎದುರಾದದ್ದೂ ದೂರದಿಂದ ಕಂಡಿತು. ಉಳಿದವರು ಮುಂದೆ ಬಂದುಬಿಟ್ಟರು. ಹುಡುಗಿಯೊಬ್ಬಳು ಪಾಟಿಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮೇಷ್ಟ್ರು ಅವಳ ಎತ್ತರಕ್ಕೆ ಬಗ್ಗಿ ಏನೋ ಹೇಳುತ್ತಿದ್ದರು. ಅವಳು ತಲೆಯಾಡಿಸಿದಳೋ, ಮುಖ ತಿರುಗಿಸಿದಳೋ ಅಷ್ಟು ದೂರಕ್ಕೆ ತಿಳಿಯಲಿಲ್ಲ. ಅವರನ್ನು ದಾಟಿಯೇ ನಾನು ಹೋಗಬೇಕಿತ್ತು. ಅವಳ ಕಣ್ಣಿಗೆ ಬೀಳದಂತೆ ರಸ್ತೆಯಿಂದ ಕೆಳಗಿಳಿದು, ಜೋಳದ ಹೊಲದ ಬದುವಿನ ಮೇಲೆ ಸುತ್ತಿಕೊಂಡು ನಿಲ್ದಾಣಕ್ಕೆ ಹೋದೆ.