ದೊಡ್ಡಾಸ್ಪತ್ರೆಯ ಬೆಂಚು

ಪುಟ್ಟಿಗೆ ನಲವತ್ತು ದಾಟಿ, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ. ಆದರೂ ಮನೆಯಲ್ಲೂ ಕೆಲಸದಲ್ಲೂ ಅವಳು ಪುಟ್ಟಿಯೇ. ಕಿರಿಯವಳಾಗಿ ಹುಟ್ಟಿದ ತಪ್ಪಿಗೆ ಜೀವಮಾನದ ಶಿಕ್ಷೆ, ಏನು ಮಾಡುವುದು! ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು, ಬಟ್ಟೆ ಒಗೆಯುವ ಮೆಷಿನ್ನು ಇವನ್ನೆಲ್ಲ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಅವಳ ಕೆಲಸ. ಸೇರಿಸಿದ್ದು ಭಾವ, ಅಂದರೆ ಅಕ್ಕನ ಗಂಡ. ಅಲ್ಲಿ ಅವರು ಎಲ್ಲರಿಗಿಂತ ಹಳೆಯ ಮೆಕ್ಯಾನಿಕ್ಕು.

ಮೊದಮೊದಲು ಪುಟ್ಟಿ ಕೌಂಟರಿನಲ್ಲಿ ಕೂತು ಕೆಟ್ಟ ಸಾಮಾನುಗಳನ್ನು ಒಳಗೆ ತೆಗೆದುಕೊಂಡು ಚೀಟಿ ಅಂಟಿಸುತ್ತಿದ್ದಳು. ಕಂಪನಿಯ ಲೆಕ್ಕವೆಲ್ಲ ನಡೆಯುತ್ತಿದ್ದದ್ದು ಒಂದು ಓಪನ್ ಸೋರ್ಸ್ ಸಾಫ್ಟ್‌ವೇರಿನಲ್ಲಿ. ಕಾಸು ಕೊಡಬೇಕಾಗಿಲ್ಲ, ಅದರ ಹೊಟ್ಟೆಯೊಳಗೆ ಏನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಊರಿಗೆಲ್ಲ ಹಂಚಬಹುದು. ಪುಟ್ಟಿ ಬಿಚ್ಚಿದಳು. ಕೈಗೆ ಸಿಕ್ಕಿದ್ದನ್ನು ಬಿಚ್ಚುವ ಗುಣ ಅವಳಿಗೆ ಅಂಟಿದ್ದೇ ಭಾವನಿಂದ. ಅಕ್ಕನನ್ನು ಮದುವೆಯಾಗುತ್ತೇನೆಂದು ಮೊದಲ ಸಲ ಮನೆಗೆ ಬಂದ ದಿನ ಆ ಮಹಾನುಭಾವ ಅಕ್ಕನ ಮುಖ ನೋಡುವ ಬದಲು ಕಿರುಗುಟ್ಟುತ್ತಿದ್ದ ಟೇಬಲ್ ಫ್ಯಾನು ನೋಡುತ್ತ ಕೂತಿದ್ದರು. ಕೊನೆಗೆ ತಡೆಯಲಾರದೆ, “ಒಂದು ಸ್ಕ್ರೂಡ್ರೈವರ್ ಇದ್ಯಾ?” ಅಂತ ಕೇಳಿಯೇಬಿಟ್ಟರು. ಹಾಸಿಗೆ ಹಿಡಿದಿರುವ ಅಮ್ಮ ಇವತ್ತಿಗೂ ಅದನ್ನು ಹೇಳಿ ಮಲಗಿದಲ್ಲೇ ನಗುತ್ತಾಳೆ. ಆ ಫ್ಯಾನು ಅವಳ ತಲೆದೆಸೆಯಲ್ಲೇ ತಿರುಗುತ್ತಿತ್ತು.

ರಿಪೇರಿ ಶೆಡ್ಡಿನಲ್ಲಿ ಭಾವನ ಬೆಂಚಿಗೆ ದೊಡ್ಡಾಸ್ಪತ್ರೆ ಅಂತ ಹೆಸರು. ಸುಮ್ಮನೆ ಬಂದ ಹೆಸರಲ್ಲ. ತನ್ನ ಕೈಗೆ ಬಗ್ಗದ ಮೆಷಿನ್ನನ್ನು ‘ಇದು ನನ್ನಿಂದಾಗದು’ ಅಂತ ಬಾಯಿಬಿಟ್ಟು ಹೇಳುವ ಮೆಕ್ಯಾನಿಕ್ಕು ಭೂಮಿಯ ಮೇಲೆ ಹುಟ್ಟಿಲ್ಲ. ಹಾಗಾಗಿ ಒಂದು ರೂಢಿ ಬೆಳೆದಿತ್ತು. ಭಾವ ಊಟಕ್ಕೆ ಎದ್ದುಹೋದಾಗ ಸದ್ದಿಲ್ಲದೆ ಅದನ್ನು ತಂದು ಅವರ ಬೆಂಚಿನ ತುದಿಗೆ ಇಟ್ಟು ಜಾಗ ಖಾಲಿ ಮಾಡುವುದು. ಭಾವ ಕೈ ಒರೆಸಿಕೊಳ್ಳುತ್ತ ಬಂದು, ಯಾರದ್ದು ಎಂದು ಕೇಳದೆ, “ಬಂದ್ಯಾ? ಬಾ, ಏನಾಯ್ತು ನಿಂಗೆ?” ಅಂತ ಪಂಪಿನ ಮೈ ತಟ್ಟಿ ಹತ್ತಿರ ಎಳೆದುಕೊಳ್ಳುವುದು. ‘ಆಗಲ್ಲ’ ಅನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಕೌಂಟರಿನಲ್ಲಿದ್ದಾಗ ಪುಟ್ಟಿಯೂ ಎಷ್ಟೋ ಹೆಣಗಳನ್ನು ಆ ಬೆಂಚಿಗೆ ಸಾಗಿಸಿದ್ದಳು. ರೂಢಿ ಅವಳಿಗೆ ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ.

ಇಂಥಲ್ಲಿ ಕಂಪನಿಯ ಯಜಮಾನರಿಗೆ ರಿಪೋರ್ಟು ಬೇಕೆನಿಸಿತು. ಯಾವ ಬ್ರಾಂಚು ಚುರುಕು, ಯಾವ ಮೆಕ್ಯಾನಿಕ್ಕು ಚುರುಕು, ಒಂದೇ ಪರದೆಯಲ್ಲಿ ಕಾಣಬೇಕು. ಪುಟ್ಟಿ ಓದಿದಳು, ಇಂಟರ್ನೆಟ್ಟಿನಲ್ಲಿ ಅವರಿವರನ್ನು ಕೇಳಿದಳು, ಆ ಸಾಫ್ಟ್‌ವೇರಿಗೆ ಒಂದು ಕ್ಯೂಬ್ ಕಟ್ಟಿದಳು. ಕ್ಯೂಬ್ ಅಂದರೆ ಬೆಚ್ಚಿಬೀಳಬೇಕಾದ್ದೇನಿಲ್ಲ. ಲೆಕ್ಕಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಜೋಡಿಸಿಡುವುದು, ಈ ಕಡೆಯಿಂದ ನೋಡಿದರೆ ತಿಂಗಳು, ಆ ಕಡೆಯಿಂದ ಬ್ರಾಂಚು, ಮೇಲಿನಿಂದ ಮೆಕ್ಯಾನಿಕ್ಕು. ಹೇಗೆ ತಿರುಗಿಸಿದರೂ ಉತ್ತರ ಸಿದ್ಧ.

ಉತ್ತರವೇನೋ ಸಿದ್ಧವಾಯಿತು. ಮೆಷಿನ್ನು ಕೌಂಟರಿಗೆ ಬಂದ ದಿನದಿಂದ ರಿಪೇರಿ ಮುಗಿದ ದಿನದವರೆಗೆ ಎಣಿಸಿ, ಅಷ್ಟನ್ನೂ ಮುಗಿಸಿದವರ ಹೆಸರಿಗೆ ಕಟ್ಟಿದ್ದಳು. ಬೇರೆ ಯಾರದೋ ಬೆಂಚಿನಲ್ಲಿ ವಾರಗಟ್ಟಲೆ ಕೊಳೆತು, ಭಾವನ ಕೈಗೆ ಬಂದು ಒಂದೇ ಮಧ್ಯಾಹ್ನದಲ್ಲಿ ಎದ್ದು ಕೂತ ಪಂಪಿನ ವಾರಗಳೆಲ್ಲ ಭಾವನ ತಲೆಗೇ. ಪರದೆಯಲ್ಲಿ ಎಲ್ಲರೂ ಹಸಿರು, ಕೊನೆಯಲ್ಲಿ ಭಾವ ಒಬ್ಬರೇ ಕೆಂಪು.

ಪುಟ್ಟಿಗೆ ಅದು ಕಂಡಿತು. ಕಾಣದೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೆಲಸಕ್ಕೆ ಎತ್ತಿಕೊಂಡವರು ಚೀಟಿಯ ನಂಬರು ಒತ್ತಲೇಬೇಕಾದ್ದರಿಂದ, ಯಾವ ಸಾಮಾನು ಯಾವಾಗ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದೂ ಸಾಫ್ಟ್‌ವೇರಿನೊಳಗೆ ಬೇರೆ ಕಡೆ ಇತ್ತು. ಅದನ್ನು ಕ್ಯೂಬಿಗೆ ಎಳೆದು ತಂದರೆ ಆಯಿತು. ತಂದೂ ನೋಡಿದಳು. ಪರದೆಯ ಮೇಲೆ ಬರೀ ಚಕ್ರ ಗಿರಗಿರ ತಿರುಗಿತು, ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಬೆಳಗಾದರೆ ಯಜಮಾನರಿಗೆ ತೋರಿಸಬೇಕು, ಎಲ್ಲ ಬ್ರಾಂಚಿನವರೂ ಬರುತ್ತಾರೆ, ಅವರ ಮುಂದೆ ಇದು ಹೀಗೆ ತೂಕಡಿಸಿದರೆ? ಪಟ್ಟಂತ ಬರಬೇಕು, ‘ಅಬ್ಬಾ!’ ಅನ್ನಬೇಕು. ಆಮೇಲೆ ಸರಿ ಮಾಡಿದರಾಯಿತೆಂದು ಆ ಭಾಗ ತೆಗೆದುಹಾಕಿದಳು. ಅಬ್ಬಾ ಅನ್ನಿಸಿಕೊಳ್ಳುವ ಆಸೆಗೆ ಬಿದ್ದು ಉಂಡ ಮನೆಯ ಜಂತೆ ಎಣಿಸಿದಳು. ಇನ್ನೇನೂ ಕಾರಣವಿರಲಿಲ್ಲ.

ಮರುದಿನ ಪರದೆ ಪಟ್ಟಂತಲೇ ಬಂತು. ಎಲ್ಲರೂ ಅಬ್ಬಾ ಅಂದರು. ಯಜಮಾನರ ಬೆರಳು ನೆಟ್ಟಗೆ ಕೆಂಪಿನ ಮೇಲೆ ಹೋಗಿ ನಿಂತಿತು.

“ಇದು ನಮ್ಮ ದೊಡ್ಡಾಸ್ಪತ್ರೆಯಲ್ವೇನಮ್ಮ? ಇಷ್ಟು ನಿಧಾನವಾ? ಕರೀರಿ ಅವರನ್ನ.”

ಭಾವ ಗ್ರೀಸಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಯಜಮಾನರು ಕೂಗಾಡಲಿಲ್ಲ. “ನೋಡಿ, ವಯಸ್ಸಾಯ್ತು ನಿಮಗೆ, ನಂಗೂ ಅರ್ಥ ಆಗುತ್ತೆ. ಮುಂದಿನ ತಿಂಗಳೂ ಹೀಗೇ ಇದ್ರೆ ಬೆಂಚು ಬೇರೆಯವರಿಗೆ ಕೊಡೋಣ. ನೀವು ಹಿಂದೆ ಕೂತು ಪಾರ್ಸಲ್ ಕಟ್ಟಿ, ಆರಾಮ” ಅಂದರು. ಪುಟ್ಟಿಯ ಬಾಯಿಗೆ ಮಾತು ಬಂತು. ತುಂಬಿದ ಕೋಣೆಯಲ್ಲಿ ಎದ್ದು ‘ಲೆಕ್ಕ ತಪ್ಪು, ತಪ್ಪೆಂದು ಗೊತ್ತಿದ್ದೇ ತೋರಿಸಿದೆ’ ಅನ್ನಬೇಕಿತ್ತಲ್ಲ! ಬಂದ ಮಾತನ್ನು ನುಂಗಿಕೊಂಡಳು. ಭಾವ ಅವಳ ಕಡೆ ಒಮ್ಮೆ ನೋಡಿ ಹೊರಟುಹೋದರು.

ಸಂಜೆ ಅಕ್ಕನ ಮನೆಗೆ ಹೋಗದಿದ್ದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆಂದು ಹೋದಳು. ಅಕ್ಕ ಕಾಫಿ ಲೋಟವನ್ನು ಕುಕ್ಕಿದಳು.

“ಅಲ್ವೇ, ನಿಂಗೆ ಕೆಲಸ ಕೊಡಿಸಿದ ಮನುಷ್ಯನಿಗೇ ಬತ್ತಿ ಇಟ್ಯಲ್ಲೇ! ನಿನ್ನ ಆ ಡಬ್ಬಿಗೆ ಬೇರೆ ಯಾರೂ ಸಿಗಲಿಲ್ವಾ?”

“ಸುಮ್ನಿರೇ, ಅವಳ ಕೆಲಸ ಅವಳು ಮಾಡಿದಾಳೆ” ಅಂದರು ಭಾವ. ಆಮೇಲೆ ಪುಟ್ಟಿಯ ಕಡೆ ತಿರುಗಿ, “ಅದು ಏನನ್ನ ಎಣಿಸುತ್ತೆ ಪುಟ್ಟಿ?” ಅಂತ ಕೇಳಿದರು. ಕೆಟ್ಟ ಮೆಷಿನ್ನಿಗೆ ಕೇಳುತ್ತಿದ್ದರಲ್ಲ, ಅದೇ ದನಿ.

ಅವಳು ತಲೆ ತಗ್ಗಿಸಿಕೊಂಡು ಹೇಳಿದಳು.

“ಓಹೋ, ಮುಗಿಸಿದೋನ ತಲೆಗೆ. ಗೊತ್ತಾಯ್ತು ಬಿಡು.”

“ನಾನು ಸರಿ ಮಾಡ್ತೀನಿ ಭಾವ.”

“ಮಾಡು. ಅರ್ಜೆಂಟೇನಿಲ್ಲ.”

ಅರ್ಜೆಂಟಿಲ್ಲವೆಂದದ್ದನ್ನು ಇವಳು ನಿಜವೆಂದುಕೊಂಡಳೋ, ನಿಜವೆಂದುಕೊಳ್ಳುವುದು ಅನುಕೂಲವಾಗಿತ್ತೋ! ಯಜಮಾನರು ಬ್ರಾಂಚಿಗೊಂದರಂತೆ ಬೇರೆ ಬೇರೆ ರಿಪೋರ್ಟು ಕೇಳಿದರು, ಅದು ಮೊದಲಾಯಿತು. ಕ್ಯೂಬನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಹಂಚುವುದು ಎರಡನೆಯದಾಯಿತು. ಎಲ್ಲೆಲ್ಲಿಂದಲೋ ಜನ ಭೇಷ್ ಭೇಷ್ ಎಂದು ಬರೆದರು. ಒಬ್ಬ ಬರೆದದ್ದು ಮಾತ್ರ ಎದೆಗೆ ಚುಚ್ಚಿತು: “ನಮ್ಮ ವರ್ಕ್‌ಶಾಪಿನಲ್ಲೂ ನಿಧಾನದ ಮನುಷ್ಯ ಯಾರೆಂದು ಸಿಕ್ಕಿತು. ಮನೆಗೆ ಕಳಿಸಿದೆವು. ತುಂಬಾ ಥ್ಯಾಂಕ್ಸ್.” ಮುಖ ಕಾಣದ, ಭಾಷೆ ಗೊತ್ತಿಲ್ಲದ ಆ ಮನುಷ್ಯನೂ ಯಾವುದೋ ಬೆಂಚಿನ ದೊಡ್ಡಾಸ್ಪತ್ರೆಯಾಗಿದ್ದನೇನೋ. ಥೂ, ನನ್ನ ಜನ್ಮಕ್ಕಿಷ್ಟು ಎಂದು ಪುಟ್ಟಿ ತನ್ನನ್ನೇ ಬೈದುಕೊಂಡು ಬೇರೆಲ್ಲ ಬದಿಗಿಟ್ಟಳು. ಕೈಯಿಂದ ಕೈಗೆ ಹೋದದ್ದನ್ನು ಸೇರಿಸಿ ಹೊಸದಾಗಿ ಕಟ್ಟಿದಳು, ತಪ್ಪೇನೆಂದು ಬರೆದು ಎಲ್ಲರಿಗೂ ಕಳಿಸಿದಳು. ಇನ್ನು ಪರದೆ ಎಷ್ಟು ನಿಧಾನವಾದರೂ ಆಗಲಿ.

ಯಜಮಾನರ ಮುಂದೆ ನಿಂತು, ಗೊತ್ತಿದ್ದೇ ತಪ್ಪು ತೋರಿಸಿದೆ ಸಾರ್ ಎಂದು ಬಿಡಿಸಿ ಹೇಳಿದಳು. ಬೈಗುಳಕ್ಕೆ ಮೈಯೊಡ್ಡಿ ನಿಂತಿದ್ದಳು. ಅವರು ನಕ್ಕರು.

“ಅಯ್ಯೋ, ಅದಕ್ಯಾಕಮ್ಮ ಇಷ್ಟು ಒದ್ದಾಡ್ತೀಯ? ಈ ತಿಂಗಳದ್ದು ನೋಡಿಲ್ವಾ? ನಿಮ್ಮ ಭಾವ ಎಲ್ಲರಿಗಿಂತ ಮೇಲೆ! ಹಚ್ಚ ಹಸಿರು! ಬೆಂಚು ಅವರದ್ದೇ. ಪಾಪ, ನಿನ್ನ ರಿಪೋರ್ಟು ಅವರನ್ನ ಚುರುಕು ಮಾಡ್ತು.”

ಅಬ್ಬ, ಬೆಂಚು ಉಳಿಯಿತಲ್ಲ! ತಪ್ಪು ಒಪ್ಪಿಕೊಂಡ ಹಗುರವೂ ಸೇರಿ ಅವಳು ಹಾರುವಂತೆ ಮನೆಗೆ ಹೋದಳು. ಅಮ್ಮನ ಫ್ಯಾನು ಅವತ್ತೇ ಸುಟ್ಟ ವಾಸನೆ ಹೊಡೆದು ನಿಂತಿತ್ತು. ಭಾವನನ್ನು ಮಾತಾಡಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಬೆಳಿಗ್ಗೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿಗೆ ಹೋದಳು.

ದೊಡ್ಡಾಸ್ಪತ್ರೆಯ ಬೆಂಚು ಚೊಕ್ಕಟವಾಗಿತ್ತು. ಅಂಚಿನಲ್ಲಿ ಒಂದು ಅನಾಥ ಮೆಷಿನ್ನೂ ಇಲ್ಲ. ಭಾವ ಒಂದು ಮಿಕ್ಸಿಯ ವೈರು ಬದಲಿಸುತ್ತಿದ್ದರು, ಯಾರು ಬೇಕಾದರೂ ಮಾಡುವ ಕೆಲಸ. ಹಿಂದಿನ ಬಾಗಿಲಾಚೆ ಗುಜರಿಗೆ ಹಾಕುವ ಜಾಗದಲ್ಲಿ ಪಂಪುಗಳು, ಮೋಟರುಗಳು ಸೊಂಟದೆತ್ತರ ಬಿದ್ದಿದ್ದವು. ಹಿಂದೆಲ್ಲ ಅಂಥವು ಬರುತ್ತಿದ್ದದ್ದು ಈ ಬೆಂಚಿಗೆ.

ಭಾವ ಫ್ಯಾನನ್ನು ತಿರುಗಿಸಿ ನೋಡಿ, ಮೂಸಿ, ಅವಳ ಕೈಗೇ ವಾಪಸ್ ಇಟ್ಟರು.

“ಇದು ಆಗಲ್ಲಮ್ಮ. ಹೊಸದು ತಗೊಂಡ್ಬಿಡು.”

“ಭಾವ, ಅಮ್ಮನ ಫ್ಯಾನು. ನೀವೇ ಕಾಯಿಲ್ ಸುತ್ತಿದ್ದು.”

“ಗೊತ್ತು. ಅದಕ್ಕೇ ಹೇಳಿದ್ದು. ಇದು ಎಷ್ಟು ದಿನ ಹಿಡಿಯುತ್ತೆ ಅಂತ ನಂಗಲ್ದೆ ಇನ್ಯಾರಿಗೆ ಗೊತ್ತು?”

“ನಾನು ಸರಿ ಮಾಡಿದೀನಿ ಭಾವ, ದೇವರಾಣೆ! ಈಗ ಅದು ನಿಮ್ಮ ತಲೆಗೆ ಎಣಿಸಲ್ಲ. ಯಜಮಾನರಿಗೂ ಹೇಳಿದೆ. ತಪ್ಪು ನಂದೇ ಅಂದೆ.”

ಭಾವ ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗಾದರೂ ಬೀಳಬಹುದಿತ್ತು.

“ಒಳ್ಳೇದಾಯ್ತು ಪುಟ್ಟಿ. ಆದ್ರೆ ಈಗ ನಾನು ಎಣಿಸ್ತೀನಲ್ಲ. ಒಂದು ಸಾಮಾನು ಬೆಂಚಿಗೆ ಬಂತು ಅಂದ್ರೆ, ಏನಾಯ್ತು ನಿಂಗೆ ಅಂತ ಕೇಳೋಕೆ ಮುಂಚೆ, ಎಷ್ಟು ದಿನ ಅಂತ ಎಣಿಸ್ತೀನಿ. ಬೇಡ ಅಂದ್ರೂ ಬಿಡಲ್ಲ ಅದು.”

ಅಷ್ಟು ಹೇಳಿ ಮಿಕ್ಸಿ ಹತ್ತಿರ ಎಳೆದುಕೊಂಡರು. ಪುಟ್ಟಿ ಫ್ಯಾನನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡು, ಗುಜರಿಯ ಕಡೆ ನೋಡದೆ ಮನೆಯ ದಾರಿ ಹಿಡಿದಳು. ಹೊಸ ಫ್ಯಾನು ತರುವ ಮುಂಚೆ ಅಮ್ಮನಿಗೆ ಏನಾದರೂ ಹೇಳಬೇಕಿತ್ತು.